ಒಂಬೈನೂರು ಜನರ ಒಂದೇ ಇಮೇಲು

ಟಕ್ ಟಕ್ ಟಕ್ ಎಂದು ಹಿಟ್ಟಿನ ಗಿರಣಿಯ ಬೆಲ್ಟು ಹೊಡೆದುಕೊಳ್ಳತೊಡಗಿತು. ಸೊರಬದ ಬಸ್‌ಸ್ಟ್ಯಾಂಡಿನ ಹಿಂದಿನ ಆ ಓಣಿಯಲ್ಲಿ ಗಿರಣಿಗೂ ವನಜಮ್ಮನವರ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಮನೆಯ ಮುಂದಿನ ಕೋಣೆಯೇ ಅವರ ಆನ್‌ಲೈನ್ ಅಂಗಡಿ: ಒಂದು ಕಂಪ್ಯೂಟರು, ಒಂದು ಜೆರಾಕ್ಸ್ ಮಶೀನು, ಗೋಡೆಗೆ ಒತ್ತಿಟ್ಟ ಎರಡು ಸ್ಟೂಲು. ಅದರಲ್ಲೊಂದರ ಮೇಲೆ ಕುಪ್ಪಗಡ್ಡೆ ಹಳ್ಳಿಯ ಚೈತ್ರ ತನ್ನ ಫೈಲನ್ನು ಎದೆಗೆ ಅವಚಿಕೊಂಡು ಕೂತಿದ್ದಳು.

ಲ್ಯಾಬ್ ಟೆಕ್ನಿಷಿಯನ್ ಓದು ಮುಗಿದು ಎರಡು ವರ್ಷವಾಗಿತ್ತು. ಶಿಕಾರಿಪುರದಲ್ಲಿ ಹೊಸದಾಗಿ ತೆರೆಯುತ್ತಿದ್ದ ರಕ್ತಪರೀಕ್ಷೆಯ ಲ್ಯಾಬಿಗೆ ಈ ಅಂಗಡಿಯಿಂದಲೇ ಏಳು ಹುಡುಗಿಯರು ಅರ್ಜಿ ಹಾಕಿದ್ದರು. ಜೊತೆಗೆ ಓದಿದ ಸೌಂದರ್ಯಳಿಗೆ ಸೋಮವಾರವೇ ಕರೆ ಬಂದಿತ್ತು. ಇಂದು ಗುರುವಾರ. ಚೈತ್ರಳಿಗೆ ಏನೂ ಬಂದಿರಲಿಲ್ಲ. ಈ ವರ್ಷವೂ ಕೆಲಸವಾಗದಿದ್ದರೆ ಓದಿದ್ದನ್ನು ಮರೆತು ತನ್ನ ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂರಬೇಕೆಂದು ಮಾವ ಆಗಲೇ ಹೇಳಿಯಾಗಿತ್ತು.

ಅರ್ಜಿಗಳಲ್ಲಿ ಇಮೇಲ್ ಎಂಬ ಖಾನೆ ಬಂದ ಹೊಸತರಲ್ಲಿ ಹಳ್ಳಿಯಿಂದ ಬಂದವರಿಗೆ ಅಂಥದ್ದೊಂದು ಇರಲಿಲ್ಲ. ಖಾನೆ ಖಾಲಿ ಬಿಟ್ಟರೆ ಅರ್ಜಿ ಮುಂದಕ್ಕೆ ಹೋಗುತ್ತಿರಲಿಲ್ಲ. ‘ನಂದೇ ಹಾಕ್ತೀನಿ ಬಿಡಿ, ಬಂದ್ರೆ ಹೇಳ್ತೀನಿ’ ಎಂದು ವನಜಮ್ಮ ಅಂಗಡಿಯ ವಿಳಾಸವನ್ನೇ ತುಂಬಿದರು. ಹನ್ನೊಂದು ವರ್ಷದಲ್ಲಿ ಆ ಒಂದು ವಿಳಾಸ ಒಂಬೈನೂರು ಜನರದ್ದಾಯಿತು. ಈಗ ಕೈಯಲ್ಲಿ ಫೋನು ಇದ್ದವರೂ ಅದನ್ನೇ ಹಾಕಿಸುತ್ತಾರೆ. ಫೋನು ಬದಲಾಗುತ್ತದೆ, ಪಾಸ್‌ವರ್ಡು ಮರೆತುಹೋಗುತ್ತದೆ, ವನಜಮ್ಮ ಮರೆಯುವುದಿಲ್ಲ.

ಅವರು ಓದಿದ್ದು ಏಳನೇ ಇಯತ್ತೆ. ಗಂಡ ಆನಂದಪ್ಪ ಇದೇ ಕೋಣೆಯಲ್ಲಿ ಟೈಪಿಂಗ್ ಹೇಳಿಕೊಡುತ್ತಿದ್ದಾಗ, ಒಳಗೆ ರೊಟ್ಟಿ ಬಡಿಯುತ್ತ ಮಣೆಯ ಮೇಲೆ ಬೆರಳಾಡಿಸಿ ಅಕ್ಷರಗಳ ಜಾಗ ಕಲಿತವರು. ಟೈಪ್‌ರೈಟರುಗಳು ಗುಜರಿಗೆ ಹೋದವು. ಆನಂದಪ್ಪ ಗದ್ದೆಗೆ ಇಳಿದರು. ಬೆರಳು ಮಾತ್ರ ಉಳಿದುಕೊಂಡಿತು.

ಹೋದ ತಿಂಗಳು ಆ ಪುಕ್ಕಟೆ ಇಮೇಲು ತುಂಬಿಹೋಯಿತು. ಬಂದ ಪತ್ರಗಳು ಬಾಗಿಲಿನಿಂದಲೇ ವಾಪಸಾದವು. ಜಡೆ ಊರಿನ ಹುಡುಗನೊಬ್ಬನ ಹಾಲ್ ಟಿಕೆಟ್ಟೂ ಹಾಗೆ ತಿರುಗಿ ಹೋದಾಗ ವನಜಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆಗ ಅಕ್ಕನ ಮಗ ರೇಣುಕಾಪ್ರಸಾದ್ ಶಿಕಾರಿಪುರದ ತನ್ನ ಕಂಪ್ಯೂಟರ್ ಅಂಗಡಿಯಿಂದ ಬಂದು ಹೊಸ ಆ್ಯಪು ಹಾಕಿಕೊಟ್ಟ. ವಿಳಾಸ ಹಳೆಯದೇ, ಪತ್ರಗಳಿಗೆ ಜಾಗ ಹೆಚ್ಚು; ಇಮೇಲು, ಕ್ಯಾಲೆಂಡರು, ನೆನಪಿನ ಗಂಟೆ ಎಲ್ಲ ಒಂದರಲ್ಲೇ. ಹದಿನಾಲ್ಕು ದಿನ ಪುಕ್ಕಟೆ, ಆಮೇಲೆ ವರ್ಷಕ್ಕೆ ಆರು ಸಾವಿರ. ಇಂದು ಹದಿನಾಲ್ಕನೆಯ ದಿನ. ದುಡ್ಡು ಕಟ್ಟಿಸಲು ಅವನೂ ಬಂದು ಕೂತಿದ್ದ.

‘ಚಿಕ್ಕಮ್ಮ, ಹನ್ನೊಂದು ವರ್ಷದ್ದು ಒಂದೇ ಗಳಿಗೆಗೆ ಹುಡುಕ್ತದ. ಆರು ಸಾವಿರ ಏನ್ ಹೆಚ್ಚಲ್ಲ ಬಿಡು.’

‘ನನ್ನ ಜೆರಾಕ್ಸಿಗೆ ಎಷ್ಟು ಹಾಳೆ ಆಗ್ತದೆ ಗೊತ್ತನಾ ಆರು ಸಾವಿರ ಅಂದ್ರೆ?’ ಎಂದರು ವನಜಮ್ಮ. ‘ಇರು, ಮೊದ್ಲು ಈ ಹುಡುಗಿದು ನೋಡಾಣ.’

ರೇಣುಕಾಪ್ರಸಾದ್ ಚೈತ್ರಳ ಹೆಸರು ಒತ್ತಿದ. ಏನೂ ಸಿಗಲಿಲ್ಲ. ‘ಬಂದಿಲ್ಲಮ್ಮ ನಿಂಗೆ. ಬಂದಿದ್ರ ಇದು ಬಿಡ್ತಿರ್ಲಿಲ್ಲ’ ಎಂದ.

ಚೈತ್ರಳಿಗೆ ಏಳುವುದೋ ಕೂರುವುದೋ ತಿಳಿಯಲಿಲ್ಲ.

ವನಜಮ್ಮ ಕಣ್ಣು ಮುಚ್ಚಿಕೊಂಡರು. ‘ಆ ಲ್ಯಾಬಿನೋರು ಪತ್ರದಾಗೆ ಹೆಸರೇ ಬರೆಯಲ್ಲ ಕಣೋ, ಅರ್ಜಿ ನಂಬರು ಅಷ್ಟೇ. ಇವಳದ್ದು ಹಾಕೋವಾಗ ಕರೆಂಟ್ ಹೋಯ್ತು. ಎರಡನೇ ಸಲಕ್ಕೆ ಹೋಗಿದ್ದು. ನಂಬರಿನ ಕೊನೇಗೆ ನಾಲ್ಕುನೂರ ಹದಿನೇಳು.’

ಚೈತ್ರ ಫೈಲು ಬಿಚ್ಚಿ ರಸೀದಿ ತೆಗೆದಳು. ನಾಲ್ಕು, ಒಂದು, ಏಳು. ಆ ಅರ್ಜಿ ಹಾಕಿ ಎರಡು ತಿಂಗಳಾಗಿತ್ತು. ಈ ನಡುವೆ ಎಷ್ಟು ನೂರು ಅರ್ಜಿಗಳು ಈ ಬೆರಳಿನ ಕೆಳಗೆ ಹೋಗಿದ್ದವೋ. ತನ್ನದೇ ನಂಬರು ತನಗೆ ನೆನಪಿರಲಿಲ್ಲ. ಅವಳು ರಸೀದಿಯನ್ನು ಕಂಪ್ಯೂಟರಿನ ಪಕ್ಕ ಇಟ್ಟಳು.

‘ಸೌಂದರ್ಯಂದು ತೆಗಿ’ ಎಂದರು ವನಜಮ್ಮ.

ಸೋಮವಾರದ ಆ ಪತ್ರ ತೆರೆಯಿತು. ಅದರ ಪಕ್ಕದಲ್ಲಿ ಸಣ್ಣದಾಗಿ ಏಳು ಎಂಬ ಅಂಕಿ.

‘ಇದೇನೋ ಇದು?’

‘ಒಂದೇ ಕಡೆಯಿಂದ, ಒಂದೇ ತಲೆಬರಹದ ಪತ್ರ ಏಳು ಸಲ ಬಂದಾವ ಚಿಕ್ಕಮ್ಮ. ಅದಕ್ಕ ಒಟ್ಟಿಗೆ ಕಟ್ಟಿ, ಒಂದನ್ನಷ್ಟೇ ಮೇಲೆ ಇಡ್ತದ.’ ಹೇಳುತ್ತಿದ್ದಂತೆಯೇ ಅವನ ದನಿ ಇಳಿಯಿತು.

‘ಏಳು ಸಲ ಅಲ್ಲ ಮಾರಾಯ. ಏಳು ಜನಕ್ಕೆ.’

ಅವನು ಕಟ್ಟು ಬಿಚ್ಚಿದ. ಮೂರನೆಯದು ನಾಲ್ಕುನೂರ ಹದಿನೇಳು. ಗುರುವಾರ ಸಂಜೆ ನಾಲ್ಕರೊಳಗೆ ಅಸಲು ದಾಖಲೆಗಳೊಂದಿಗೆ ಹಾಜರಾಗಬೇಕು. ತಪ್ಪಿದರೆ ಮುಂದಿನವರನ್ನು ಕರೆಯಲಾಗುವುದು. ಗೋಡೆಯ ಗಡಿಯಾರದಲ್ಲಿ ಹನ್ನೆರಡೂವರೆ ದಾಟಿತ್ತು.

‘ಅಸಲು ಎಲ್ಲ ಐತನೇ?’

‘ಐತೆ ವನಜಕ್ಕ’ ಎಂದಳು ಚೈತ್ರ. ಈ ಅಂಗಡಿಗೆ ಬರುವವರು ಮನೆಯಲ್ಲಿದ್ದ ಕಾಗದವನ್ನೆಲ್ಲ ಹೊತ್ತು ತರುವುದೇ ರೂಢಿ.

ಪ್ರಿಂಟು ಹೊರಬರುವಷ್ಟರಲ್ಲಿ ವನಜಮ್ಮ ಉಳಿದ ಪತ್ರಗಳನ್ನು ಒಂದೊಂದಾಗಿ ನೋಡಿ, ಯಾರಿಗೆ ಯಾವ ದಿನ, ಎಷ್ಟು ಗಂಟೆಗೆ ಎಂದು ಕಾಗದದ ಚೂರುಗಳ ಮೇಲೆ ಗೀಚಿಕೊಂಡರು. ರೇಣುಕಾಪ್ರಸಾದ್ ತಲೆ ತಗ್ಗಿಸಿ ಹೇಳಿದ, ‘ಬ್ಯಾಡ ಬಿಡು ಚಿಕ್ಕಮ್ಮ. ತೆಗೆದು ಹಾಕ್ತೀನಿ.’

‘ಯಾಕೆ ತೆಗಿತೀಯ? ಹಳೇದ್ರಾಗೆ ಇದ್ದಿದ್ರೆ ಈ ಏಳೂ ವಾಪಸ್ ಹೋಗಿರವು. ಇಟ್ಕಳಕ್ಕೆ ಜಾಗ ಕೊಟ್ಟೈತೆ, ಅದಕ್ಕೆ ದುಡ್ಡು ಕೊಡ್ತೀನಿ. ಈ ಕಟ್ಟು ಕಟ್ಟೋದು, ಆರಿಸೋದು ಎಲ್ಲ ನಿಲ್ಸು. ಒಬ್ಬ ಮನುಷ್ಯಂಗೆ ಅಂತ ಮಾಡಿದ್ದು ಪಾಪ, ಅದಕ್ಕೇನು ಗೊತ್ತು. ಓದೋದು ನಾನು ಓದ್ತೀನಿ.’

‘ಒಂಬೈನೂರು ಜನದ್ದು?’

‘ಇಷ್ಟು ದಿನ ನಿಮ್ಮಪ್ಪ ಬಂದು ಓದ್ತಿದ್ನನಾ?’

ಚೈತ್ರಳ ಕೈ ಹಿಡಿದು ಅವರೇ ಬಸ್‌ಸ್ಟ್ಯಾಂಡಿಗೆ ಬಂದರು. ಶಿರಾಳಕೊಪ್ಪದ ಮೇಲೆ ಶಿಕಾರಿಪುರಕ್ಕೆ ಹೋಗುವ ಬಸ್ಸು ಹೊರಡುವುದರಲ್ಲಿತ್ತು. ಚೈತ್ರ ಹತ್ತಿ ಕಿಟಕಿಯ ಪಕ್ಕ ಕೂತಳು. ಕೆಳಗೆ ನಿಂತ ಆ ಗಿಡ್ಡ ಹೆಂಗಸು, ಮಾಸಿದ ಚಪ್ಪಲಿ, ಸೆರಗಿನ ತುದಿಗೆ ಅಂಟಿದ ಪ್ರಿಂಟರಿನ ಕಪ್ಪು. ಆ ತಲೆಯೊಳಗೆ ಒಂಬೈನೂರು ಮನೆಗಳ ಬಾಗಿಲುಗಳು ತೆರೆದೇ ಇವೆ ಎಂದು ಅವಳಿಗೆ ಅನಿಸಿತು.

‘ನಾಲ್ಕಕ್ಕೆ ಮುಂಚೆ ಮುಟ್ತೀಯ, ಹೆದರಬ್ಯಾಡ’ ಎಂದರು ವನಜಮ್ಮ. ‘ಅಲ್ಲಿ ಏನ್ ಕೇಳಿದ್ರೂ ನಿಧಾನಕ್ಕೆ ಹೇಳು. ಸಹಿ ಹಾಕೋವಾಗ ಮಾತ್ರ...’

ಅಷ್ಟರಲ್ಲಿ ಆನವಟ್ಟಿ ಕಡೆಯ ಬಸ್ಸು ಹಿಂದಕ್ಕೆ ಸರಿಯತೊಡಗಿತು. ವನಜಮ್ಮ ಆ ಮಾತನ್ನು ಅಲ್ಲೇ ಬಿಟ್ಟು, ಕಾಗದದ ಚೂರು ಎತ್ತಿ ಹಿಡಿದು ಅತ್ತ ನಡೆದರು. ‘ಏ ಕಂಡಕ್ಟರೇ, ಕುಬಟೂರಿನಾಗೆ ಕಲ್ಲಪ್ಪಣ್ಣನ ಮಗಳಿಗೆ ಇದು ಮುಟ್ಸ್ರಿ, ನಾಳೆ ಹತ್ತು ಗಂಟೆಗೆ ಅಂತ ಹೇಳ್ರಿ, ಮತ್ತೆ ಅಸಲು ಮಾರ್ಕ್ಸ್ ಕಾರ್ಡು ಮರೀದೇ’ ಎನ್ನುತ್ತ, ಹೊರಟ ಬಸ್ಸಿನ ಬಾಗಿಲ ಜೊತೆಜೊತೆಗೇ ನಡೆಯುತ್ತ, ಜನರ ನಡುವೆ ಮರೆಯಾದರು.