ಅಂಬಿಗನ ತೀರ್ಪು

ಕೇರಳದ ಹಿನ್ನೀರ ಸೀಮೆ ಕುಟ್ಟನಾಡಿನ ಒಂದು ವಾಚನಾಲಯದಲ್ಲಿ ಯಾವ ಕಾದಂಬರಿ ತೆರೆದರೂ ಕೊನೆಯ ಪುಟದಲ್ಲಿ ಮುದಿ ಅಂಬಿಗ ಪಾಪ್ಪೂಟ್ಟಿಯ ಪೆನ್ಸಿಲ್ ತೀರ್ಪು ಇದ್ದೇ ಇರುತ್ತದೆ: ‘ನಾಯಕ ದಂಡಪಿಂಡ, ಅವನ ನಾಯಿಯೇ ವಾಸಿ’, ‘ಬರೆದವನು ಜನ್ಮದಲ್ಲಿ ದೋಣಿ ಹತ್ತಿಲ್ಲ’. ಊರವರು ಮೊದಲು ಅದನ್ನೋದಿಯೇ ಪುಸ್ತಕ ಒಯ್ಯುವುದು. “ಗೀಚ್ಬೇಡಿ ಅಂತ ಎಷ್ಟು ಸಲ ಬಡ್ಕೊಳ್ಳಲಿ ಚೇಟ್ಟಾ?” ಎಂದು ಗ್ರಂಥಪಾಲಕಿ ತಂಗಮಣಿ ರಬ್ಬರ್ ಝಳಪಿಸಿದರೆ, “ಅವ್ನು ಮುನ್ನೂರು ಪುಟ ಗೀಚ್ಬಹುದು, ನಾನು ಒಂದು ಸಾಲು ಗೀಚ್ಬಾರ್ದಾ ಮಗಳೇ?” ಎನ್ನುತ್ತಾನೆ. ನಿನ್ನೆ ಅವನು ಹಿಂತಿರುಗಿಸಿದ ಪುಸ್ತಕದ ಕೊನೆಯ ಪುಟ ಮಾತ್ರ ಖಾಲಿಯಿತ್ತು. ಮುದುಕನಿಗೆ ಜ್ವರವೇನೋ ಎಂದುಕೊಂಡು ತಂಗಮಣಿ ರಬ್ಬರ್ ಹಿಡಿದೇ ಪುಟ ತಿರುವಿದಳು. ಕಥೆಯ ನಡುವೆ ಮಕ್ಕಳ ದೋಣಿಯೊಂದು ಮಗುಚುತ್ತಿತ್ತು. ಪಾಪ್ಪೂಟ್ಟಿಯದೂ ಒಮ್ಮೆ ಮಗುಚಿತ್ತು, ಊರಲ್ಲಿ ಯಾರೂ ಆ ಮಾತೆತ್ತುವುದಿಲ್ಲ. ‘ಮುಳುಗಿತು’ ಎಂಬ ಅಚ್ಚಿನ ಪದವನ್ನು ಹೊಡೆದುಹಾಕಿ, ಮೇಲೆ ಪೆನ್ಸಿಲಿನಲ್ಲಿ ಬರೆದಿತ್ತು: ‘ದಡ ಸೇರಿತು.’