ಒಡೆಯದ ಹಾಲು

ಕೈಗವಸಿನ ಕಾರ್ಖಾನೆಯಲ್ಲಿ ರಬ್ಬರ್ ಹಾಲು ತೊಳೆಯುವ ಮೇಸ್ತ್ರಿ, ಪೀಪಾಯಿಯ ಹತ್ತಿರ ಯಾರನ್ನೂ ಸೀನಲು ಸಹ ಬಿಡುತ್ತಿರಲಿಲ್ಲ. ಆ ಹಾಲಿನ ಪ್ರೋಟೀನು ಕೆಲವರ ಮೈಗೆ ಆಗದು, ಮೂರು ಸಲ ತೊಳೆದು ತೆಗೆಯಬೇಕು. ಆದರೆ ಹಾಲನ್ನು ಒಡೆಯದಂತೆ ಹಿಡಿದಿರುವುದೂ ಅದೇ ಪ್ರೋಟೀನು. “ಇಪ್ಪತ್ತು ವರ್ಷದಲ್ಲಿ ಒಂದು ಪೀಪಾಯಿ ಹಾಲೂ ಒಡೆದಿಲ್ಲ, ಕೈಗುಣ ಕಣಮ್ಮ” ಎಂದು ಬೀಗುತ್ತಿದ್ದ. “ಹಾಗಾದ್ರೆ ನಮ್ಮನೆ ಹಾಲೂ ನೀವೇ ಕಾಯಿಸಿಕೊಡಿ ಮಾವ” ಎಂದು ಕೈಗವಸು ಡಬ್ಬಿಗೆ ತುಂಬುವ ಹೆಂಗಸು ಕಾಡುತ್ತಿದ್ದಳು. ನರ್ಸಾಗಿರುವ ಅವನ ಮಗಳು ಇಲ್ಲಿಯದೇ ಕೈಗವಸು ತೊಟ್ಟು, ಮುಖ ಊದಿ, ಉಸಿರಿಗೆ ಒದ್ದಾಡುತ್ತಿದ್ದಾಳೆಂದು ಫೋನು ಬಂದ ದಿನ, ಡಬ್ಬಿಯ ಹೆಂಗಸೇ ಅವನಿಗೆ ನೀರು ಕೊಟ್ಟಳು. ಅವನು ಕುಡಿಯಲಿಲ್ಲ. “ಒಡೆದೀತು ಅಂತ ಮೂರನೇ ಸಲ ನಾನ್ಯಾವತ್ತೂ ತೊಳೆದೇ ಇಲ್ಲ” ಎಂದ. ಅವಳು ಲೋಟ ಕೆಳಗಿಡುವಷ್ಟರಲ್ಲಿ, ಕೈಗವಸು ತುಂಬಿಕೊಂಡು ಹೊರಟಿದ್ದ ಲಾರಿಯ ಹಿಂದೆ ಅವನು ಬರಿಗಾಲಲ್ಲೇ ಓಡುತ್ತಿದ್ದ.