ಬೇಲಿ ಬೇಡದ ಬಾಳೆ

ಕಿಯಾ ಥಾವ್ ಜೀವವಿರುವ ಗಿಡವನ್ನು ಎಸೆಯಲಾರಳು. ಅದು ಅವಳೊಬ್ಬಳ ರೋಗವಲ್ಲ, ನಮ್ಮ ಹ್ಮೊಂಗ್ ಹೆಂಗಸರೆಲ್ಲರ ರೋಗ. ಯುದ್ಧದ ಕಾಲದಲ್ಲಿ ಲಾವೋಸ್ ಬಿಟ್ಟು ಓಡುವಾಗ ಬೆಳ್ಳಿಯನ್ನು ಬಿಟ್ಟು ಬಂದವರಿದ್ದಾರೆ, ಲಂಗದ ಅಂಚಿನಲ್ಲಿ ಬೀಜ ಹೊಲಿದುಕೊಳ್ಳದೆ ಬಂದವರಿಲ್ಲ. ಇಂಥವಳಿಗೆ ಆಸ್ಟ್ರೇಲಿಯಾದ ಇನಿಸ್‌ಫೇಲಿನಲ್ಲಿ ಸಿಕ್ಕ ಕೆಲಸ ನೋಡಿ: ಪ್ರಯೋಗಾಲಯದಲ್ಲಿ ಬಾಳೆಸಸಿ ಬೆಳೆಸುವುದು, ಬೇಡವಾದವನ್ನು ಹಬೆಯಲ್ಲಿ ಬೇಯಿಸಿ ಕೊಲ್ಲುವುದು.

ಅಲ್ಲಿ ಸೊರಗು ರೋಗಕ್ಕೆ ಬಗ್ಗದ ಬಾಳೆ ಮಾಡುತ್ತಿದ್ದರು. ಬಾಳೆಯದೇ ಒಂದು ಜೀನನ್ನು ಕತ್ತರಿಸಿ ಸುಮ್ಮನಾಗಿಸಿದರೆ ಗಿಡ ರೋಗ ತಡೆದುಕೊಳ್ಳುತ್ತದೆ ಎಂಬುದು ಅವರ ನಂಬಿಕೆ. ಕತ್ತರಿಸಲು ದಾರಿ ಎರಡು. ಹಳೆಯ ದಾರಿಯಲ್ಲಿ ಕತ್ತರಿ ಮಾಡುವ ಪರಕೀಯ ಜೀನನ್ನೇ ಗಿಡದೊಳಗೆ ಹೊಲಿಯುತ್ತಾರೆ, ಅದು ಅಲ್ಲೇ ಉಳಿಯುತ್ತದೆ. ಹೊಸ ದಾರಿಯಲ್ಲಿ ಜೀವಕೋಶದ ಗೋಡೆ ಕರಗಿಸಿ ಕತ್ತರಿಯನ್ನೇ ಒಳಗೆ ಬಿಡುತ್ತಾರೆ. ಅದು ಕತ್ತರಿಸುತ್ತದೆ, ಕರಗಿ ಹೋಗುತ್ತದೆ. ಹೊರಗಿನದು ಏನೂ ಉಳಿಯುವುದಿಲ್ಲ, ಆ ಗಿಡಕ್ಕೆ ಕಾನೂನು ಬೇಲಿ ಕೇಳುವುದಿಲ್ಲ. ಮೊದಲಿನದಕ್ಕೆ ಮಾತ್ರ ಬೀಗದ ಮೇಲೆ ಬೀಗ. ಬಾಟಲಿಯೊಳಗೆ ಎರಡೂ ಒಂದೇ ಥರ ಹಸಿರು.

ಒಂದು ದಿನ ಕಸಕ್ಕೆ ಹಾಕಿದ ಬಾಟಲಿಯೊಂದರಲ್ಲಿ ಸಸಿ ಬೆರಳುದ್ದದ ಎಲೆ ಬಿಚ್ಚಿಕೊಂಡು ನಿಂತಿತ್ತು. ಚೀಟಿ ನೆಂದು ಕಿತ್ತು ಹೋಗಿತ್ತು. ಹೊಸ ದಾರಿಯದೇ ಇರಬೇಕೆಂದುಕೊಂಡು ಕಿಯಾ ಅದನ್ನು ಬುತ್ತಿಚೀಲಕ್ಕೆ ಹಾಕಿಕೊಂಡಳು. ಅತ್ತೆ ಯೇರ್ ಮುವಾ ಏನೂ ಕೇಳಲಿಲ್ಲ, ಅಡುಗೆಮನೆ ಹಿಂದೆ ನೆಟ್ಟಳು. ಮುದುಕಿಯ ಕೈ ಸೋಕಿದರೆ ಒಣಕಡ್ಡಿಯೂ ಚಿಗುರುತ್ತದೆ. ಬಾಳೆ ಆಳೆತ್ತರ ಬೆಳೆದು ಬುಡದ ಸುತ್ತ ಮರಿಕಂದು ಎಬ್ಬಿಸಿತು.

ಆಮೇಲೊಂದು ಬೆಳಗ್ಗೆ ಪ್ರಯೋಗಾಲಯದ ಮುಖ್ಯಸ್ಥೆ ಫಿಯೋನಾ ಚಹಾ ಕುಡಿಯುತ್ತ ಹೇಳಿದಳು: "ಮಳೆಗಾಲದಲ್ಲಿ ಹಳೇ ದಾರಿ, ಹೊಸ ದಾರಿ ಎರಡೂ ಕೋಣೆ ಕಸಾನೂ ಒಂದೇ ಡಬ್ಬಿಗೆ ಸುರೀತಿದ್ರಂತೆ. ಸದ್ಯ, ಎಲ್ಲ ಬೆಂದುಹೋಗಿದೆ."

ಕಿಯಾಳಿಗೆ ಅಡುಗೆಮನೆ ಹಿಂದಿನ ಬಾಳೆ ನೆನಪಾಯಿತು. ಎಲ್ಲ ಬೆಂದಿರಲಿಲ್ಲ. ಸಂಜೆ ಮನೆಗೆ ಓಡಿ ಬಂದು ನೋಡಿದರೆ ಬಾಳೆಬುಡದಲ್ಲಿ ಹೊಸ ಗುಂಡಿ.

"ಅತ್ತೆ, ಇಲ್ಲಿದ್ದ ಕಂದು?"

"ಶುವಾಗೆ ಕೊಟ್ಟೆ ಕಣೇ ನ್ಯಾ. ಅವಳ ತೋಟದ ಮೂಲೇಲಿ ಜಾಗ ಇತ್ತು." ನಮ್ಮಲ್ಲಿ ಸೊಸೆಯನ್ನು ಹೆಸರಿಟ್ಟು ಕರೆಯುವುದಿಲ್ಲ, 'ನ್ಯಾ' ಎನ್ನುತ್ತೇವೆ.

"ತೋಟದಿಂದ ತೋಟಕ್ಕೆ ಕಂದು ಸಾಗಿಸಬಾರದು ಅಂತ ನಿಯಮ ಇದೆಯಲ್ಲ!"

"ನಿಯಮ ಊರೋರಿಗೆ. ಹೆತ್ತ ಮಗಳಿಗೂ ನಿಯಮಾನಾ?"

ನಾದಿನಿ ಶುವಾಳ ತೋಟದ ಹಣ್ಣು ದೂರದ ಪೇಟೆಗಳಿಗೆ ಹೋಗುತ್ತದೆ. ಪರಕೀಯ ಜೀನಿನ ಗಿಡ ಅಲ್ಲಿದೆ ಎಂದು ಗೊತ್ತಾದರೆ ಗೇಟಿಗೆ ಬೀಗ ಬೀಳುತ್ತದೆ, ಗೊನೆ ಕೊಳ್ಳುವವರು ಒಬ್ಬರೂ ಇರುವುದಿಲ್ಲ. ಶುವಾಳ ಗಂಡ, ಮಕ್ಕಳು, ಮುದಿ ಮಾವ ಎಲ್ಲರ ಅನ್ನ ಆ ತೋಟದಿಂದಲೇ. ಹೇಳಿದರೆ ತೋಟ ಹೋದೀತು, ಹೇಳದಿದ್ದರೆ ಗಿಡ ಬೆಳೆಯುತ್ತಲೇ ಇರುತ್ತದೆ. ಬಿಸಿತುಪ್ಪ ಬಾಯಿಗೆ ಬಿದ್ದ ಹಾಗಾಯಿತು.

ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಬಾಗಿಲಲ್ಲಿ ಕಾರು ನಿಂತರೆ ಕಿಯಾಳ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿತ್ತು. ಶುವಾ ಫೋನು ಮಾಡಿದರೆ ಎತ್ತುತ್ತಿರಲಿಲ್ಲ. ಊಟ ಸೇರಲಿಲ್ಲ, ಬಳೆ ಮೊಣಕೈವರೆಗೆ ಜಾರಿತು.

ಯೇರ್ ಮುವಾ ನೋಡಿಯೇ ಹೇಳಿದಳು: "ಇವಳ ಪ್ರಾಣ ಬಿದ್ದುಹೋಗಿದೆ." ತುಂಬ ಬೆಚ್ಚಿದರೆ ಪ್ರಾಣ ಮೈಯಿಂದ ಜಾರಿ ಬೆಚ್ಚಿದ ಜಾಗದಲ್ಲೇ ಉಳಿದುಬಿಡುತ್ತದೆ. ಕೋಳಿ, ಮೊಟ್ಟೆ, ಅಕ್ಕಿ, ಊದುಬತ್ತಿ ಒಯ್ದು ಅಲ್ಲೇ ನಿಂತು ಕರೆಯಬೇಕು. "ಎಲ್ಲಿ ಹೆದರಿದೆ ಹೇಳು."

"ಹೊಳೆ ದಂಡೇಲಿ. ಮೊಸಳೆ ಕಂಡು," ಎಂದು ಕಿಯಾ ಸುಳ್ಳು ಹೇಳಿದಳು.

ಮನೆಮಂದಿಯೆಲ್ಲ ಹೊಳೆಗೆ ಹೋದರು. ಕಿಯಾಳ ಗಂಡ, ಅವನ ಹೆಸರು ತೂ, ಕೋಳಿ ಹಿಡಿದು ನೀರನ್ನೇ ನೋಡುತ್ತಿದ್ದ. "ಬೇಗ ಕರಿ ಅಮ್ಮ. ಇವಳ ಪ್ರಾಣ ಬರೋದ್ರೊಳಗೆ ಮೊಸಳೆ ಬಂದ್ರೆ ನನ್ನ ಪ್ರಾಣಾನೂ ಇಲ್ಲೇ ಬೀಳುತ್ತೆ." ಎಲ್ಲರೂ ನಕ್ಕರು. ಕಿಯಾ ನಗಲಿಲ್ಲ. ತನಗಾಗಿ ಮುದುಕಿ ಗಂಟಲು ಹರಿದುಕೊಂಡು ಖಾಲಿ ನೀರನ್ನು ಕರೆಯುತ್ತಿರುವುದನ್ನು ನೋಡಿ ಅವಳ ಭಯಕ್ಕೆ ನಾಚಿಕೆಯೂ ಸೇರಿತು. ಅವಳು ಇನ್ನಷ್ಟು ಸೊರಗಿದಳು.

ಅತ್ತೆ ಮತ್ತೊಂದು ಕೋಳಿ ಹಿಡಿದಳು. "ನ್ಯಾ, ಹೊಳೇಲಿ ನಿನ್ನ ಪ್ರಾಣ ಇರಲಿಲ್ಲ. ಇದ್ದಿದ್ರೆ ನಾನು ಕರೆದಾಗ ಬರದೇ ಇರುತ್ತಿತ್ತಾ? ನಿಜವಾದ ಜಾಗ ತೋರಿಸು."

ಕಿಯಾ ಅವಳ ಕೈ ಹಿಡಿದು ಅಡುಗೆಮನೆ ಹಿಂದಿನ ಬಾಳೆಯ ಬುಡಕ್ಕೆ ಕರೆದೊಯ್ದಳು. ಎಲ್ಲವನ್ನೂ ಹೇಳಿದಳು. ಮುದುಕಿಯ ಕೈಯಿಂದ ಅಕ್ಕಿಬಟ್ಟಲು ಬಿತ್ತು.

"ಶುವಾ ತೋಟದಲ್ಲಿ ನೆಟ್ಟದ್ದು ನಾನು," ಎಂದಳು. ಬಾಳೆಯ ಕಡೆ ತಿರುಗಿ, "ಎಲೆ ಕೊಯ್ಯಿ. ಈಗಲೇ ನಿನ್ನ ಪ್ರಯೋಗಾಲಯಕ್ಕೆ ಹೋಗೋಣ," ಎಂದಳು.

ಫಿಯೋನಾಳ ಮೇಜಿನ ಮುಂದೆ ಯೇರ್ ಮುವಾ ಕುಳಿತುಕೊಳ್ಳಲೂ ಇಲ್ಲ. ಅವಳಿಗೆ ಇಂಗ್ಲಿಷ್ ಬಾರದು. ನಮ್ಮ ಭಾಷೆಯಲ್ಲೇ ಹೇಳಿದಳು: "ಇವಳಿಗೆ ಗೊತ್ತೇ ಇಲ್ಲ. ಕೆಲಸ ನೋಡೋಕೆ ಬಂದಿದ್ದಾಗ ನಾನೇ ಕಸದಿಂದ ಕದ್ದೆ. ಹಾಗಂತ ಹೇಳು ನ್ಯಾ."

ಕಿಯಾ ಎದೆಯ ಮೇಲೆ ಕೈಯಿಟ್ಟುಕೊಂಡು ಇಂಗ್ಲಿಷಿನಲ್ಲಿ ಹೇಳಿದಳು: "ಸಸಿ ನಾನೇ ಒಯ್ದೆ. ಅತ್ತೆಗೆ ಏನೂ ಗೊತ್ತಿರಲಿಲ್ಲ. ಅದರ ಕಂದು ನಾದಿನಿಯ ತೋಟಕ್ಕೂ ಹೋಗಿದೆ."

ಫಿಯೋನಾಳ ಮುಖ ಸುಣ್ಣದಂತಾಯಿತು. ಎಲೆ ತೆಗೆದುಕೊಂಡು ಒಳಗೆ ಹೋಗುತ್ತ, "ಯಾವ ದಾರಿಯದು ಅಂತ ಸಂಜೆಯೊಳಗೆ ಗೊತ್ತಾಗುತ್ತೆ. ಇಲ್ಲೇ ಇರಿ," ಎಂದಳು.

ಹೊರಗಿನ ಬೆಂಚಿನ ಮೇಲೆ ಇಬ್ಬರೂ ಕುಳಿತರು. ಒಳಗೆ ಯಂತ್ರ ಗುಂಯ್‌ಗುಡುತ್ತಿತ್ತು. ಪ್ರತಿ ಸಲ ಬಾಗಿಲು ತೆರೆದಾಗಲೂ ಕಿಯಾ ಎದ್ದು ನಿಲ್ಲುತ್ತಿದ್ದಳು, ಬಂದವರು ಬೇರೆ ಯಾರೋ ಆಗಿರುತ್ತಿದ್ದರು. ಶುವಾಳ ಮಕ್ಕಳ ಮುಖಗಳು ಒಂದಾದ ಮೇಲೊಂದು ಕಣ್ಣಿಗೆ ಬಂದವು. ಅವರ ಮುಂದೆ ಹೇಗೆ ನಿಲ್ಲುವುದು?

"ನಾನು ಹೇಳಿದ್ದು ನೀನು ಹೇಳಲಿಲ್ಲ," ಎಂದಳು ಅತ್ತೆ, ಅವಳ ಕಡೆ ನೋಡದೆ. "ನನಗೆ ಇಂಗ್ಲಿಷ್ ಬರಲ್ಲ, ಕಣ್ಣು ಕಾಣುತ್ತೆ. ಕದ್ದೋಳು ನಾನಾದ್ರೆ ನಿನ್ನ ಎದೆ ಯಾಕೆ ಮುಟ್ಕೊಂಡೆ?"

"ನಂಗೆ ಭಯ ಆಯ್ತು ಅತ್ತೆ. ಮೊಸಳೆ ಅಂತ ಒಂದು ಸುಳ್ಳು ಹೇಳಿ ಸತ್ತು ಬದುಕಿದೀನಿ. ಇನ್ನೊಂದು ತಡೆಯೋಕಾಗಲ್ಲ."

ಬಿಸಿಲು ಇಳಿದ ಮೇಲೆ ಫಿಯೋನಾ ಬಂದಳು. "ಹೊಸ ದಾರಿಯದು. ಕತ್ತರಿಸಿದ ಗುರುತು ಇದೆ, ಹೊರಗಿನ ಜೀನು ಏನೂ ಇಲ್ಲ. ಆ ತೋಟದ ಗೇಟಿಗೆ ಯಾರೂ ಬೀಗ ಹಾಕಲ್ಲ. ಎರಡು ಗಿಡಾನೂ ನಾಳೆ ನಮ್ಮೋರೇ ಬಂದು ಕಿತ್ಕೊಂಡು ಹೋಗ್ತಾರೆ." ಆಮೇಲೆ ಕೈ ಚಾಚಿದಳು. "ಕಿಯಾ, ನಿನ್ನ ಬೀಗದಕೈ ಕೊಡಬೇಕಾಗುತ್ತೆ. ಬೇರೆ ದಾರಿ ಇಲ್ಲ ನನಗೆ."

"ಏನಂದ್ಲು?" ಎಂದು ಅತ್ತೆ ಕೇಳಿದಳು.

"ಶುವಾ ತೋಟ ಉಳೀತು. ನನ್ನ ಕೆಲಸ ಹೋಯ್ತು."

ಯೇರ್ ಮುವಾ ಸೊಸೆಯ ಕೈಯಿಂದ ಬೀಗದಕೈ ತೆಗೆದು ತಾನೇ ಫಿಯೋನಾಳ ಅಂಗೈಯಲ್ಲಿಟ್ಟಳು. ಅವಳ ಕಣ್ಣಲ್ಲಿ ಕಣ್ಣಿಟ್ಟು ನಮ್ಮ ಭಾಷೆಯಲ್ಲಿ ಹೇಳಿದಳು: "ಹೆದರಿ ಬಾಯಿ ಮುಚ್ಕೊಂಡೋರನ್ನ ನಾನು ಜೀವಮಾನವೆಲ್ಲ ನೋಡಿದೀನಿ. ನಾನೂ ಅವರಲ್ಲೊಬ್ಬಳು. ಹೆದರ್ತಾ ಹೆದರ್ತಾನೇ ಬಾಯಿಬಿಟ್ಟೋಳನ್ನ ನೋಡಿದ್ದು ಇವತ್ತೇ."

"ಏನು ಹೇಳಿದ್ರು?" ಎಂದಳು ಫಿಯೋನಾ.

ಕಿಯಾ ಬಾಯಿ ತೆರೆದಳು. ಅಳು ಬಂತೇ ಹೊರತು ಇಂಗ್ಲಿಷ್ ಬರಲಿಲ್ಲ.